ಆಲಿಕಲ್ಲು ಕರಗುತ್ತೆ, ಸೂರಿನ ಖರ್ಚು ಕರಗಲ್ಲ!

ಆಲಿಕಲ್ಲು ಮಳೆ ಅಂದ ಕೂಡಲೇ ನಮಗೆಲ್ಲ ಮೊದಲು ನೆನಪಾಗುವುದು ಬಾಲ್ಯ. ಸ್ಟೀಲ್ ಬಟ್ಟಲು ಹಿಡಿದು ಅಂಗಳಕ್ಕೆ ಓಡುವುದು, 'ತಲೆ ಮೇಲೆ ಬಿದ್ದೀತು, ಒಳಗೆ ಬಾರೇ' ಅಂತ ಅಮ್ಮ ಕೂಗುವುದು, ಬಾಯಿಗೆ ಹಾಕಿಕೊಂಡ ಕಲ್ಲು ನಾಲಿಗೆಯ ಮೇಲೆ ಕರಗುವುದು... ಈಗಿನ ಮಕ್ಕಳು ಬಟ್ಟಲಿನ ಬದಲು ಮೊಬೈಲ್ ಹಿಡಿದು ಬಾಲ್ಕನಿಗೆ ಓಡುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ ಸ್ವಂತಕ್ಕೆ ಅಂತ ಒಂದು ಮನೆ ಮಾಡಿಕೊಂಡು, ಅದರ ಸಾಲದ ಕಂತು ತಿಂಗಳು ತಿಂಗಳು ಕಟ್ಟುತ್ತಿರುವವರಿಗೆ ಮೇಲಿನಿಂದ ಬರುವ ಆ 'ಟಕಟಕ' ಸದ್ದು ಬೇರೆಯೇ ಥರ ಕೇಳಿಸುತ್ತೆ. ಹೆಂಚು ಒಡೆಯಿತೇನೋ, ಸೋಲಾರ್ ಹೋಯಿತೇನೋ ಅಂತ ಜೀವ ಡವಡವ ಅನ್ನುತ್ತೆ.

'ನಮ್ಮದು ಆರ್‌ಸಿಸಿ ಮನೆ, ನಮಗೇನು?' ಅನ್ನುವವರು ಒಮ್ಮೆ ತಾರಸಿಗೆ ಹೋಗಿ ಸುಮ್ಮನೆ ಸುತ್ತ ನೋಡಿ ಬನ್ನಿ. ಸೋಲಾರ್ ವಾಟರ್ ಹೀಟರ್‌ನ ಗಾಜಿನ ಕೊಳವೆಗಳು, ಮೆಟ್ಟಿಲಿನ ತಲೆಯ ಮೇಲೆ ಹಾಕಿಸಿದ ಫೈಬರ್ ಶೀಟು, ಬಟ್ಟೆ ಒಣಗಿಸಲು ಅಂತ ಇಳಿಸಿದ ಸಿಮೆಂಟ್ ಶೀಟಿನ ಮಾಡು, ನೀರಿನ ಟ್ಯಾಂಕಿನ ಮುಚ್ಚಳ, ಡಿಶ್, ಹಾಲ್‌ಗೆ ಬೆಳಕು ಬರಲಿ ಅಂತ ಬಿಟ್ಟ ಗಾಜಿನ ಕಿಂಡಿ. ಕಾಂಕ್ರೀಟಿಗೆ ಏನೂ ಆಗದೇ ಇರಬಹುದು. ಅದರ ಮೇಲೆ ಕೂತಿರುವ ಸಾಮಾನಿನ ಬೆಲೆ ಒಂದು ಸಲ ಕೂಡಿಸಿ ನೋಡಿ!

ಇನ್ನೊಂದು ವಿಷಯ. ನಮ್ಮಲ್ಲಿ ಆಲಿಕಲ್ಲು ಬೀಳುವುದು ಹೆಚ್ಚಾಗಿ ಮಾರ್ಚ್‌ನಿಂದ ಮೇ ತಿಂಗಳ ನಡುವೆ, ಅದೂ ಮಧ್ಯಾಹ್ನದ ಮೇಲೆ, ಬಿಸಿಲು ಚೆನ್ನಾಗಿ ಕಾದು ಸಂಜೆ ಮೋಡ ಕಟ್ಟುವ ಹೊತ್ತಿಗೆ. ಆ ಹೊತ್ತಲ್ಲಿ ಮನೆಯಲ್ಲಿ ಯಾರಿರುತ್ತಾರೆ? ನಾವೇ ತಾನೆ. ಯಜಮಾನರು ಆಫೀಸಿನಲ್ಲಿ, ಮಕ್ಕಳು ಟ್ಯೂಷನ್‌ನಲ್ಲಿ. ಬಿದ್ದ ಕಲ್ಲು ಅರ್ಧ ಗಂಟೆಯಲ್ಲಿ ಕರಗಿ ನೀರಾಗಿ ಹರಿದುಹೋಗುತ್ತೆ. ಅವರು ಮನೆಗೆ ಬರುವ ಹೊತ್ತಿಗೆ ಉಳಿಯುವುದು ಒದ್ದೆ ನೆಲ ಮತ್ತು ಒಡೆದ ಹೆಂಚು. ನಾಳೆ ವಿಮೆ ಕಂಪನಿಯವರು 'ಆಲಿಕಲ್ಲು ಬಿದ್ದದ್ದಕ್ಕೆ ಏನು ಸಾಕ್ಷಿ?' ಅಂತ ಕೇಳಿದರೆ ಉತ್ತರ ಇರುವುದು ಆ ಅರ್ಧ ಗಂಟೆ ಮನೆಯಲ್ಲಿದ್ದವರ ಹತ್ತಿರ ಮಾತ್ರ. ಅದಕ್ಕೇ ಈ ವಿಷಯ ಷೇರು, ಬಂಡವಾಳದ ಪುಟಕ್ಕಿಂತ ನಮ್ಮ ಪುಟಕ್ಕೇ ಸೇರಿದ್ದು ಅಂತ ನನ್ನ ಅನಿಸಿಕೆ.

ನಮ್ಮೂರಲ್ಲಿ ಎಲ್ಲಿ ಆಲಿಕಲ್ಲು ಅನ್ನಬೇಡಿ

ಬೇಸಿಗೆಯ ಬಿಸಿಗೆ ನೆಲದ ಗಾಳಿ ಕಾದು ಜೋರಾಗಿ ಮೇಲೇಳುತ್ತೆ. ಎತ್ತರದ ಕಪ್ಪು ಮೋಡದೊಳಗೆ ನೀರಿನ ಹನಿಗಳನ್ನು ಅದು ಇನ್ನೂ ಮೇಲಕ್ಕೆ, ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆಗೆ ತಳ್ಳುತ್ತೆ. ಅಲ್ಲಿ ಹನಿ ಮಂಜುಗಡ್ಡೆಯಾಗಿ, ಸುತ್ತಲಿನ ನೀರನ್ನು ಅಂಟಿಸಿಕೊಂಡು ಪದರ ಪದರವಾಗಿ ದಪ್ಪವಾಗುತ್ತೆ. ಗಾಳಿ ಇನ್ನು ಹೊರಲಾರೆ ಅಂದಾಗ ಕೆಳಗೆ ಬೀಳುತ್ತೆ. ಒಂದು ಕಲ್ಲನ್ನು ಅರ್ಧಕ್ಕೆ ಸೀಳಿದರೆ ಈರುಳ್ಳಿಯ ಹಾಗೆ ಸುತ್ತು ಸುತ್ತು ಪದರ ಕಾಣುವುದೂ ಇದಕ್ಕೇ.

2014ರ ಫೆಬ್ರವರಿ, ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೂ ಆಲಿಕಲ್ಲು ಸುರಿದು ದ್ರಾಕ್ಷಿ, ದಾಳಿಂಬೆ ಬೆಳೆದವರ ಹೊಟ್ಟೆಗೆ ಕಲ್ಲು ಬಿದ್ದದ್ದು ಎಷ್ಟೋ ಜನರಿಗೆ ನೆನಪಿರಬಹುದು. 2023ರ ಮೇ 21ರಂದು ಬೆಂಗಳೂರಿನಲ್ಲೇ ಗಾಳಿಮಳೆಯ ಜೊತೆ ಆಲಿಕಲ್ಲು ಬಿತ್ತು. ಇನ್ನು ಜಗತ್ತಿನಲ್ಲೇ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಆಲಿಕಲ್ಲು ಮಳೆ ಅಂತ ವಿಶ್ವ ಹವಾಮಾನ ಸಂಸ್ಥೆ ದಾಖಲಿಸಿರುವುದು ನಮ್ಮ ದೇಶದ್ದೇ. ಉತ್ತರಪ್ರದೇಶದ ಮೊರಾದಾಬಾದ್ ಬಳಿ, 1888ರ ಏಪ್ರಿಲ್ 30ರಂದು, 246 ಜನ. ಹೆದರಿಸಲು ಹೇಳುತ್ತಿಲ್ಲ. 'ಅದೆಲ್ಲ ಎಲ್ಲೋ ಅಮೆರಿಕದಲ್ಲಿ' ಅನ್ನುವ ಉದಾಸೀನ ಬೇಡ ಅಂತ ಅಷ್ಟೇ.

ಯಾವ ಸೂರು ಹೇಗೆ ಪೆಟ್ಟು ತಿನ್ನುತ್ತೆ?

ಮಂಗಳೂರು ಹೆಂಚಿನಿಂದಲೇ ಶುರು ಮಾಡೋಣ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಇಟ್ಟಾಗಿನಿಂದ ನಮ್ಮ ಮನೆಗಳ ತಲೆ ಕಾಯುತ್ತಾ ಬಂದಿದೆ ಈ ಹೆಂಚು. ಹೊಸತಿದ್ದಾಗ ಗಟ್ಟಿ. ಹಳೆಯದಾಗಿ ಪಾಚಿ ಹಿಡಿದು ನೀರು ಕುಡಿಯತೊಡಗಿದ ಮೇಲೆ ಸಣ್ಣ ಪೆಟ್ಟಿಗೂ ಮೂಲೆ ಸಿಡಿಯುತ್ತೆ. ಪೂರ್ತಿ ಒಡೆದ ಹೆಂಚು ಕೆಳಗಿನಿಂದ ನೋಡಿದರೆ ಆಕಾಶ ಕಾಣುತ್ತೆ, ಗೊತ್ತಾಗುತ್ತೆ. ಸಣ್ಣಗೆ ಬಿರುಕು ಬಿಟ್ಟದ್ದು ಗೊತ್ತಾಗುವುದು ಜೂನ್‌ನಲ್ಲಿ, ಮಳೆಗಾಲ ಕೂತ ಮೇಲೆ, ರೀಪು ಒದ್ದೆಯಾಗಿ ಕಪ್ಪಾದಾಗ! ಅಷ್ಟು ಹೊತ್ತಿಗೆ ವಿಮೆಯವರ ಮುಂದೆ ಹೋದರೆ 'ಇದು ಆಲಿಕಲ್ಲಲ್ಲ, ಹಳೇ ಹೆಂಚು' ಅನ್ನುತ್ತಾರೆ. ಹಾಗಾಗಿ ಹೆಂಚಿನ ಮನೆಯವರು ಮಳೆ ನಿಂತ ಮಾರನೇ ದಿನವೇ ಹೆಂಚು ಕೆಲಸದವರನ್ನು ಕರೆಸಿ ಒಂದೊಂದನ್ನೂ ನೋಡಿಸಬೇಕು.

ಸಿಮೆಂಟ್ ಶೀಟು ಇನ್ನೂ ಮೋಸದ್ದು. ಮೇಲೆ ಪೆಟ್ಟು ಬಿದ್ದ ಕಡೆ ಏನೂ ಕಾಣುವುದಿಲ್ಲ, ಕೆಳಗಡೆ ನಕ್ಷತ್ರದ ಆಕಾರದ ಬಿರುಕು ಇರುತ್ತೆ. ಒಳಗಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಚೂರುಗಳನ್ನು ಒಣಗಿದ ಪೊರಕೆಯಿಂದ ಗುಡಿಸಬೇಡಿ. ನೀರು ಚಿಮುಕಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಎತ್ತಿ. ಯಾರನ್ನೂ ಶೀಟಿನ ಮೇಲೆ ಕಾಲಿಡಲು ಬಿಡಬೇಡಿ, ಹಲಗೆ ಹಾಕಿಕೊಂಡೇ ಹತ್ತಲಿ. ಬಿರುಕು ಬಿಟ್ಟ ಶೀಟು ಕುಸಿದು ಬಿದ್ದು ಸೊಂಟ ಮುರಿದುಕೊಂಡರೆ ಆ ಖರ್ಚನ್ನು ಮನೆಯ ವಿಮೆ ಕೊಡುವುದಿಲ್ಲ.

ಜಿಂಕ್ ತಗಡು ತೂತಾಗುವುದು ಅಪರೂಪ, ತಗ್ಗು ಬೀಳುತ್ತೆ. ತಗ್ಗು ಬಿದ್ದ ಕಡೆ ಬಣ್ಣ ಹೋಗಿ ಎರಡು ವರ್ಷಕ್ಕೆ ತುಕ್ಕು. ಫೈಬರ್ ಶೀಟು ಬಿಸಿಲು ಕುಡಿದು ಗಡಸಾಗಿದ್ದರೆ ಹಪ್ಪಳದ ಹಾಗೆ ಒಡೆಯುತ್ತೆ.

ಸೋಲಾರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ 2024ರಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಶುರುವಾದ ಮೇಲೆ ಕರೆಂಟ್ ತಯಾರಿಸುವ ಪ್ಯಾನೆಲ್ ಹಾಕಿಸಿಕೊಂಡವರು ನಮ್ಮ ಬೀದಿಯಲ್ಲೇ ನಾಲ್ಕು ಮನೆ ಇದ್ದಾರೆ. ಈ ಪ್ಯಾನೆಲ್‌ಗಳಿಗೆ ಅಂತರರಾಷ್ಟ್ರೀಯ ಮಟ್ಟದ ಒಂದು ಪರೀಕ್ಷೆ ಇದೆ. 25 ಮಿಲಿಮೀಟರ್ ಅಗಲದ ಮಂಜುಗಡ್ಡೆ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 80 ಕಿಲೋಮೀಟರಿಗೂ ಮಿಕ್ಕಿ, 11 ಜಾಗಕ್ಕೆ ಹೊಡೆಯುತ್ತಾರೆ. ಆದರೂ ಒಡೆಯಬಾರದು. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ಹಾಗಾದರೆ ನಾಣ್ಯಕ್ಕಿಂತ ಸಣ್ಣ ಕಲ್ಲಿಗೆ ಒಳ್ಳೆಯ ಪ್ಯಾನೆಲ್ ಒಡೆಯಬಾರದು, ನಾಣ್ಯಕ್ಕಿಂತ ದೊಡ್ಡದು ಬಿದ್ದರೆ ಅದರ ಪುಣ್ಯ. ಬಿಸಿನೀರಿನ ಹೀಟರ್‌ನ ಗಾಜಿನ ಕೊಳವೆಗಳು ಬೇರೆ ಜಾತಿ. ಅವುಗಳಲ್ಲಿ ಒಂದೆರಡು ಹೋಗುವುದು ಆಲಿಕಲ್ಲು ಬಿದ್ದ ಊರಲ್ಲೆಲ್ಲ ಕೇಳುವ ಮಾತು.

ಎದುರುಮನೆ ಅಕ್ಕನ ಒಂಬತ್ತು ದಿನ

ಮೈಸೂರಿನಲ್ಲಿ ನಮ್ಮ ಎದುರುಮನೆಯ ಅಕ್ಕನಿಗೆ ಆದದ್ದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಮುಂದಿನ ಭಾಗ ಆರ್‌ಸಿಸಿ, ಹಿಂದೆ ಅತ್ತೆಯ ಕಾಲದ ಹೆಂಚಿನ ಅಡುಗೆಮನೆ, ಅದರ ಪಕ್ಕ ಅತ್ತೆ ಮಲಗುವ ಕೋಣೆ. ಎರಡು ವರ್ಷದ ಹಿಂದೆ ಏಪ್ರಿಲ್‌ನ ಒಂದು ಸಂಜೆ ಹತ್ತೇ ನಿಮಿಷ ಆಲಿಕಲ್ಲು ಬಿತ್ತು. ಅಕ್ಕನ ಮನೆಯಲ್ಲಿ ಎಂಬತ್ತಕ್ಕೂ ಹೆಚ್ಚು ಹೆಂಚು, ಸೋಲಾರ್‌ನ ಆರು ಕೊಳವೆ ಹೋದವು. ಅತ್ತೆಯ ಹಾಸಿಗೆ ನೆನೆದು ತೊಪ್ಪೆ. ಯಜಮಾನರು ಟೂರ್ ಮೇಲೆ ಹೋಗಿದ್ದರು. ಎಂಬತ್ತು ವರ್ಷದ ಮುದುಕಿಯನ್ನು ಒದ್ದೆ ಕೋಣೆಯಲ್ಲಿ ಇಟ್ಟುಕೊಂಡು ಯಾರು ತಾನೆ ಸುಮ್ಮನೆ ಕೂರುತ್ತಾರೆ? ಮಾರನೇ ದಿನ ಬೆಳಿಗ್ಗೆಯೇ ಕೆಲಸದವರನ್ನು ಕರೆಸಿ ಹೊಸ ಹೆಂಚು ಹೊದಿಸಿಬಿಟ್ಟರು. ಒಡೆದ ಹೆಂಚು ಪಕ್ಕದ ಖಾಲಿ ಸೈಟಿಗೆ ಹೋಯಿತು.

ಮನೆಗೆ ವಿಮೆ ಇದೆ ಅಂತ ನೆನಪಾದದ್ದು ಯಜಮಾನರು ಊರಿಗೆ ಬಂದ ಮೇಲೆ. ಕಂಪನಿಗೆ ತಿಳಿಸಿದ್ದು ಒಂಬತ್ತನೇ ದಿನ. ಫಾರಂ ತುಂಬಿದವನು ಏಜೆಂಟರ ಕಡೆಯ ಹುಡುಗ. 'ನಷ್ಟಕ್ಕೆ ಕಾರಣ' ಅನ್ನುವ ಕಡೆ ಆತ ಇಂಗ್ಲಿಷಿನಲ್ಲಿ ಬರೆದದ್ದು 'ಮಳೆಯಿಂದ ಛಾವಣಿ ಸೋರಿಕೆ' ಅಂತ. ಆಲಿಕಲ್ಲಿನ ಹೆಸರೇ ಇಲ್ಲ, ಬಿರುಗಾಳಿಯ ಹೆಸರೂ ಇಲ್ಲ! ಮೂರು ವಾರಕ್ಕೆ ಪತ್ರ ಬಂತು: ನಿಧಾನವಾಗಿ ಆಗುವ ಸೋರಿಕೆ ಮತ್ತು ನಿರ್ವಹಣೆಯ ಕೊರತೆಗೆ ಪರಿಹಾರವಿಲ್ಲ.

ಅಕ್ಕ ಅತ್ತುಬಿಟ್ಟರು. ಆಮೇಲೆ ಸೆರಗು ಸಿಕ್ಕಿಸಿ ನಿಂತರು. ನಮ್ಮ ಬೀದಿಯ ಕಾಲೇಜು ಹುಡುಗಿಯೊಬ್ಬಳು ಆ ಸಂಜೆ ವಾಟ್ಸ್ಆಪ್ ಸ್ಟೇಟಸ್‌ಗೆ ಹಾಕಿದ್ದ ವಿಡಿಯೋ ಅವಳ ಫೋನಿನಲ್ಲೇ ಇತ್ತು, ಅದರಲ್ಲಿ ಅಕ್ಕನ ಗೇಟಿನ ಮುಂದೆ ಕಲ್ಲು ಪುಟಿಯುವುದು ದಿನಾಂಕ ಸಮೇತ ಸ್ಪಷ್ಟವಾಗಿ ಕಾಣುತ್ತಿತ್ತು. ಮಾರನೇ ದಿನದ ಪತ್ರಿಕೆಯಲ್ಲಿ ಬಂದ ಸುದ್ದಿಯ ತುಂಡು ಪಕ್ಕದ ಮನೆಯ ತಾತನ ಹಳೇ ಪೇಪರ್ ಕಟ್ಟಿನಲ್ಲಿ ಸಿಕ್ಕಿತು. ಹೆಂಚಿನ ಅಂಗಡಿಯ ಬಿಲ್ಲಿನಲ್ಲಿ ಮಳೆಯ ಮಾರನೇ ದಿನದ ತಾರೀಕೇ ಇತ್ತು. ಖಾಲಿ ಸೈಟಿನಲ್ಲಿ ಒಡೆದ ಹೆಂಚಿನ ರಾಶಿಯೂ ಪುಣ್ಯಕ್ಕೆ ಹಾಗೇ ಇತ್ತು. ಎಲ್ಲವನ್ನೂ ಜೋಡಿಸಿ, ಕಾರಣವನ್ನು ಸರಿಯಾಗಿ ಬರೆದು, ಕಂಪನಿಯ ದೂರು ವಿಚಾರಿಸುವ ಅಧಿಕಾರಿಗೆ ಕಳಿಸಿದರು. ಎರಡನೇ ಸಲ ಬಂದ ಸರ್ವೇಯರ್ ಕಾರ್ ನಿಲ್ಲಿಸುವ ಕಡೆಯ ತಗಡಿನಲ್ಲಿ ಬಿದ್ದಿದ್ದ ತಗ್ಗುಗಳನ್ನು ಕೈಯಿಂದ ಸವರಿ ನೋಡಿ, ಏನೂ ಮಾತಾಡದೆ ಫೋಟೋ ತೆಗೆದುಕೊಂಡು ಹೋದರಂತೆ. 41 ಸಾವಿರದ ಬಿಲ್ಲಿಗೆ ಸಿಕ್ಕಿದ್ದು 27,600 ರೂಪಾಯಿ. ಹೆಂಚು ಮತ್ತು ಕೊಳವೆಗೆ ಕೊಟ್ಟರು, ಅಡುಗೆಮನೆ ಗೋಡೆಯ ಹಳೇ ತೇವದ ಕಲೆಗೆ ಕೊಡಲಿಲ್ಲ. ಆ ಕಲೆ ಮೊದಲಿಂದಲೂ ಇದ್ದದ್ದು ನನಗೂ ಗೊತ್ತಿತ್ತು, ಅದರಲ್ಲಿ ಕಂಪನಿಯದು ತಪ್ಪಿಲ್ಲ ಬಿಡಿ.

ಮೊದಲು ವಿಮೆ ಇದೆಯೇ ನೋಡಿ

'ನಮ್ಮ ಮನೆ ಸಾಲಕ್ಕೆ ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ' ಅನ್ನುವವರೇ ಹೆಚ್ಚು. ಫೈಲ್ ತೆಗೆದು ನೋಡಿ. ಎಷ್ಟೋ ಸಲ ಅದು ಸಾಲ ತೆಗೆದುಕೊಂಡವರ ಜೀವಕ್ಕೆ ಮಾಡಿಸಿದ ವಿಮೆ. ಅವರಿಗೆ ಏನಾದರೂ ಆದರೆ ಸಾಲ ತೀರುತ್ತೆ, ಹೆಂಚು ಒಡೆದರೆ ಏನೂ ಬರುವುದಿಲ್ಲ. ಕಟ್ಟಡಕ್ಕೆ ಅಂತ ಬೇರೆ ಪಾಲಿಸಿ ಇದೆಯೇ, ಅದು ಇನ್ನೂ ಜಾರಿಯಲ್ಲಿದೆಯೇ ಎರಡನ್ನೂ ಕೇಳಿ. ಸಾಲ ಕೊಟ್ಟ ವರ್ಷ ಮಾಡಿಸಿ ಆಮೇಲೆ ನವೀಕರಿಸದೇ ಬಿಟ್ಟ ಪಾಲಿಸಿಗಳೂ ಉಂಟು.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದವರು 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಮನೆ ವಿಮೆ ತಂದರು. ಕಂಪನಿ ಯಾವುದೇ ಇರಲಿ, ಮೂಲ ನಿಯಮ ಒಂದೇ. ನಮ್ಮಂಥವರಿಗೆ ಇದರಿಂದ ಒಳ್ಳೆಯದೇ ಆಯಿತು ಅನ್ನಬೇಕು. ಮನೆಯ ಬೆಲೆ ಅಂದರೆ ಇಲ್ಲಿ ಸೈಟಿನ ಬೆಲೆ ಅಲ್ಲ, ಮತ್ತೆ ಕಟ್ಟಲು ತಗಲುವ ಖರ್ಚು. ಸಾವಿರ ಚದರಡಿ ಮನೆಗೆ ಚದರಡಿಗೆ 2,000 ರೂಪಾಯಿ ಅಂತ ಹಿಡಿದರೆ 20 ಲಕ್ಷ. ಆ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ, ಮನೆಯೊಳಗಿನ ಸಾಮಾನಿಗೆ ತಾನಾಗೇ ಸೇರಿಕೊಳ್ಳುತ್ತೆ. ನಮ್ಮ ಲೆಕ್ಕದಲ್ಲಿ 4 ಲಕ್ಷ. ನೆನೆದ ಹಾಸಿಗೆ, ಹಾಳಾದ ಟಿ.ವಿ. ಇದರಲ್ಲಿ ಬರುತ್ತೆ. ಒಡವೆ ಗಿಡವೆಗೆ ಬೇರೆ ಹೇಳಿ ಮಾಡಿಸಬೇಕು. ಬಾಡಿಗೆ ಮನೆಯಲ್ಲಿರುವವರು ಸಾಮಾನಿಗೆ ಮಾತ್ರ ಮಾಡಿಸಬಹುದು.

ಕಟ್ಟಡ ಅಂದಾಗ ಬರೀ ಗೋಡೆ, ಸೂರು ಅಲ್ಲ. ಅದೇ ಜಾಗದಲ್ಲಿರುವ ಕಾರ್ ಶೆಡ್, ಕಾಂಪೌಂಡು, ಪೋರ್ಟಿಕೋ, ನೀರಿನ ಟ್ಯಾಂಕು, ಸೋಲಾರ್ ಪ್ಯಾನೆಲ್ ಎಲ್ಲವೂ ಅದರೊಳಗೆ. ಆದರೆ ಅವುಗಳ ಬೆಲೆಯನ್ನೂ ಸೇರಿಸಿ ಮೊತ್ತ ಹೇಳಿರಬೇಕು. ಕಳೆದ ವರ್ಷ ಹಾಕಿಸಿದ ಸೋಲಾರ್ ಐದು ವರ್ಷದ ಹಿಂದಿನ ಪಾಲಿಸಿಯ ಮೊತ್ತದಲ್ಲಿ ಹೇಗೆ ಸೇರಿರುತ್ತೆ ಹೇಳಿ?

ಇನ್ನೊಂದು ತಮಾಷೆ ಗೊತ್ತಾ? ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ಆಲಿಕಲ್ಲು, ಅಂದರೆ 'ಹೇಲ್‌ಸ್ಟಾರ್ಮ್', ಹೆಸರು ಹಿಡಿದೇ ಬರೆದಿರುತ್ತೆ. (ಬರೀ ಥರ್ಡ್ ಪಾರ್ಟಿ ಮಾಡಿಸಿದವರಿಗೆ ಅದೂ ಇಲ್ಲ.) ಮನೆ ಪಾಲಿಸಿಯ ಪಟ್ಟಿಯಲ್ಲಿ ಸ್ಟಾರ್ಮ್, ಸೈಕ್ಲೋನ್, ಟೆಂಪೆಸ್ಟ್, ಪ್ರವಾಹ, ಸಿಡಿಲು, ಹೊರಗಿನ ವಸ್ತು ಬಡಿದು ಆದ ಹಾನಿ, ಎಲ್ಲ ಇದೆ. ಆಲಿಕಲ್ಲು ಅನ್ನುವ ಪದ ಬೇರೆಯಾಗಿ ಇಲ್ಲ. ಬಿರುಗಾಳಿಯ ಜೊತೆಗೆ ಬಂದದ್ದರಿಂದ ಅದು 'ಸ್ಟಾರ್ಮ್' ಅಡಿಯಲ್ಲಿ ಬರಬೇಕು. ಫಾರಂನಲ್ಲಿ ಏನು ಬರೆಯುತ್ತೀರಿ ಅನ್ನುವುದು ಇಷ್ಟು ಮುಖ್ಯವಾಗುವುದು ಇದಕ್ಕೇ. 'ಬಿರುಗಾಳಿ ಸಹಿತ ಆಲಿಕಲ್ಲು ಮಳೆ', ತಾರೀಕು, ಗಂಟೆ. ಸೋರಿಕೆ ಅನ್ನುವ ಪದ ಬೇಡವೇ ಬೇಡ. ಸೋರಿದ್ದು ಪರಿಣಾಮ, ಕಾರಣ ಅಲ್ಲ. ಪಾಲಿಸಿ ಕೊಳ್ಳುವಾಗಲೇ 'ಆಲಿಕಲ್ಲಿನ ಹಾನಿ ಇದರಲ್ಲಿ ಬರುತ್ತಾ?' ಅಂತ ಇ-ಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಏಜೆಂಟರು ಬಾಯಲ್ಲಿ 'ಎಲ್ಲ ಬರುತ್ತೆ ಮೇಡಂ' ಅಂದದ್ದು ಲೆಕ್ಕಕ್ಕಿಲ್ಲ.

ಪ್ರಪೋಸಲ್ ಫಾರಂನಲ್ಲಿ ಮಾಡು ಯಾವುದರದ್ದು ಅಂತ ಕೇಳಿದರೆ ಇದ್ದದ್ದನ್ನೇ ಹೇಳಿ. ಅರ್ಧ ಹೆಂಚು, ಅರ್ಧ ಕಾಂಕ್ರೀಟು ಇದ್ದರೆ ಹಾಗೇ ಬರೆಸಿ. 'ಎಕ್ಸೆಸ್' ಅನ್ನುವ ಪದ ಕಂಡರೆ ಎಷ್ಟು ಅಂತ ಕೇಳಿಕೊಳ್ಳಿ. ಅಷ್ಟು ನಮ್ಮ ಕೈಯಿಂದ ಹೋಗುವ ದುಡ್ಡು.

ಕಲ್ಲು ಬಿದ್ದ ಸಂಜೆ

ಬೀಳುತ್ತಿರುವಾಗ ತಾರಸಿಗೆ ಹೋಗಬೇಡಿ. ಸಂಡಿಗೆ ಹೋದರೆ ಹೋಗಲಿ. ಸಿಡಿಲಿನ ಮೋಡವೇ ಆಲಿಕಲ್ಲಿನ ಮೋಡವೂ ಹೌದು. ಕಿಟಕಿಯ ಒಳಗಿನಿಂದಲೇ ಒಂದು ವಿಡಿಯೋ ತೆಗೆಯಿರಿ, ನಿಮ್ಮ ಮನೆಯ ಗೇಟೋ ತುಳಸಿಕಟ್ಟೆಯೋ ಅದರಲ್ಲಿ ಕಾಣಬೇಕು. ನಿಂತ ಮೇಲೆ ದೊಡ್ಡ ಕಲ್ಲು ನಾಲ್ಕೈದು ಆರಿಸಿ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯವೋ ಮಗುವಿನ ಸ್ಕೇಲೋ ಇಟ್ಟು ಫೋಟೋ. ಆಮೇಲೆ ಆ ಕಲ್ಲುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರ್‌ನಲ್ಲಿಡಿ. ನಗಬೇಡಿ! ತೆಂಗಿನಕಾಯಿ ತುರಿ, ಬಟಾಣಿ ಇಡುವ ಜಾಗದಲ್ಲಿ ಎರಡು ವಾರ ಆಲಿಕಲ್ಲೂ ಇರಲಿ. ಕರೆಂಟ್ ಹೋಗಿ ಕರಗಿದರೆ ಫೋಟೋ ಇದ್ದೇ ಇದೆ.

ಒಡೆದದ್ದರ ಫೋಟೋ ಎರಡು ಥರ ಬೇಕು. ದೂರದಿಂದ ಇಡೀ ಮಾಡು ಕಾಣುವಂತೆ ಒಂದು, ಹತ್ತಿರದಿಂದ ಒಡೆದ ಜಾಗ ಕಾಣುವಂತೆ ಒಂದು. ನೆನೆದ ಸಾಮಾನನ್ನು ಎತ್ತಿ ಒಣಗಿಸುವ ಮುಂಚೆ ಅದರದ್ದೂ ಆಗಲಿ.

ಹಾಗಂತ ಕಂಪನಿಯವರು ಬರುವವರೆಗೆ ಮನೆ ನೆನೆಯಲು ಬಿಡಬೇಕು ಅಂತಲ್ಲ. ಹಾನಿ ಇನ್ನೂ ಹೆಚ್ಚದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ ಅಂತಲೇ ಪಾಲಿಸಿ ಹೇಳುತ್ತೆ. ಟಾರ್ಪಾಲು ಹೊದಿಸಿ, ಅದರ ಬಿಲ್ಲನ್ನೂ ಇಟ್ಟುಕೊಳ್ಳಿ. ಅವಸರವಿದ್ದರೆ, ಎದುರುಮನೆ ಅಕ್ಕನ ಥರ ವಯಸ್ಸಾದವರು ಇದ್ದರೆ, ಮೊದಲು ಕಂಪನಿಗೆ ಫೋನ್ ಮಾಡಿ 'ತುರ್ತು ರಿಪೇರಿ ಮಾಡಿಸುತ್ತಿದ್ದೇವೆ' ಅಂತ ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಒಡೆದ ಹೆಂಚು, ಕೊಳವೆಯ ಚೂರು ಯಾವುದನ್ನೂ ಎಸೆಯಬೇಡಿ, ಮೂಟೆ ಕಟ್ಟಿ ಹಿತ್ತಲಲ್ಲಿಡಿ. ಹಳೇ ಸಾಮಾನಿನವನಿಗೆ ಅಂತೂ ಕೊಡಲೇಬೇಡಿ.

ತಿಳಿಸುವುದು ತಕ್ಷಣ, ಅಂದೇ ಅಥವಾ ಮಾರನೇ ದಿನ. ಫಾರಂ ಕೊಡಲು ನಷ್ಟ ಕಂಡ ದಿನದಿಂದ 30 ದಿನ ಇದೆ. ಮೂವತ್ತನೇ ದಿನಕ್ಕೆ ಕಾಯುವ ಅಭ್ಯಾಸ ಬೇಡ. 2024ರಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ ನೀವು ತಿಳಿಸಿದ 24 ಗಂಟೆಯಲ್ಲಿ ಸರ್ವೇಯರನ್ನು ನೇಮಿಸಬೇಕು, ಅವರ ವರದಿ 15 ದಿನದಲ್ಲಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಈ ಮೂರು ಲೆಕ್ಕ ಬಾಯಿಪಾಠ ಇದ್ದರೆ ಫೋನಿನಲ್ಲಿ ಮಾತಾಡುವ ದನಿಯೇ ಬದಲಾಗುತ್ತೆ.

ಸರ್ವೇಯರ್ ಅಂದರೆ ಜಮೀನು ಅಳೆಯುವವರಲ್ಲ, ನಷ್ಟ ಅಳೆಯುವವರು. ಅವರು ಬರುವುದೂ ಹಗಲಲ್ಲೇ, ಅಂದರೆ ನಾವು ಮಾತ್ರ ಇರುವ ಹೊತ್ತಲ್ಲಿ. 'ಯಜಮಾನರು ಸಂಜೆ ಬರ್ತಾರೆ, ಅವರನ್ನೇ ಕೇಳಿ' ಅಂತ ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ಒಡೆದದ್ದೆಲ್ಲ ನೀವೇ ತೋರಿಸಿ. ಗುರುತಿನ ಚೀಟಿ ಕೇಳಿ, ಹೆಸರು ಬರೆದುಕೊಳ್ಳಿ. 'ಹಳೇ ಸೋರಿಕೆ ಏನಾದರೂ ಇತ್ತಾ ಅಮ್ಮಾ?' ಅಂತ ನಯವಾಗಿ ಕೇಳುತ್ತಾರೆ. ಇದ್ದರೆ ಇತ್ತು ಅನ್ನಿ, ಎಲ್ಲಿ ಅಂತ ತೋರಿಸಿ, ಇದು ಹಳೆಯದು ಅದು ಹೊಸದು ಅಂತ ಬೇರೆ ಮಾಡಿ ಹೇಳಿ. ಅರ್ಥವಾಗದ ಕಾಗದಕ್ಕೆ ಆ ಗಳಿಗೆಯಲ್ಲೇ ಸಹಿ ಹಾಕಬೇಕಿಲ್ಲ.

ದುಡ್ಡು ಬರುವ ರೀತಿಯೂ ಗೊತ್ತಿರಲಿ. ರಿಪೇರಿಗೆ ಮೊದಲು ನಾವು ಖರ್ಚು ಮಾಡಿ, ಆ ಮೊತ್ತವನ್ನು ಆಮೇಲೆ ಪಡೆಯುವುದು. ಹಾಗಾಗಿ ಬಿಲ್ಲು ಬೇಕೇ ಬೇಕು. ಹೆಂಚು ಹೊದಿಸುವವರು 'ನಮ್ಮ ಹತ್ರ ಬಿಲ್ ಬುಕ್ ಇಲ್ಲಮ್ಮ' ಅಂದರೆ ಬಿಳಿ ಹಾಳೆಯ ಮೇಲೆ ಎಷ್ಟು ಹೆಂಚು, ಎಷ್ಟು ದಿನದ ಕೂಲಿ ಅಂತ ಬರೆಸಿ, ಸಹಿ ಮತ್ತು ಫೋನ್ ನಂಬರ್ ಹಾಕಿಸಿಕೊಳ್ಳಿ. ಕೂಲಿಯನ್ನು ಫೋನ್ ಮೂಲಕವೇ ಕಳಿಸಿದರೆ ಅದೂ ಒಂದು ದಾಖಲೆ.

ಬಿಲ್ಲು ಹೆಚ್ಚಿಸಿ ಬರೆಯೋಣ ಅನ್ನುವವರು

'ಹೇಗೂ ಇನ್ಶೂರೆನ್ಸ್ ಇದೆಯಲ್ಲ, ಇಡೀ ಮಾಡೇ ಬದಲಿಸೋಣ, ಬಿಲ್ಲು ನಾನು ನೋಡ್ಕೋತೀನಿ' ಅಂತ ಹುರಿದುಂಬಿಸುವ ಕಂಟ್ರಾಕ್ಟರುಗಳು ನಮ್ಮಲ್ಲೂ ಇದ್ದಾರೆ. ಈ ಕಸುಬು ಎಷ್ಟು ದೊಡ್ಡದಾಗಬಹುದು ಅಂತ ಗೊತ್ತಾದದ್ದು ಅಮೆರಿಕದ ಡಲ್ಲಾಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಂದ. ಅಲ್ಲಿ ಮನೆಯ ಸೂರಿಗೆ ಡಾಂಬರು ಲೇಪಿಸಿದ ತೆಳುವಾದ ಹಾಳೆಯಂಥ ಹೊದಿಕೆ. ವಸಂತದಲ್ಲಿ ಆಲಿಕಲ್ಲು ಬಿದ್ದ ಮಾರನೇ ದಿನವೇ ಸೂರು ರಿಪೇರಿಯವರು ಮನೆ ಮನೆಯ ಬಾಗಿಲು ತಟ್ಟುತ್ತಾರಂತೆ. ಗಾಳಿ, ಆಲಿಕಲ್ಲಿನ ಹಾನಿಗೆ ಮನೆಯ ವಿಮಾ ಮೊತ್ತದ ಶೇಕಡಾ ಒಂದೋ ಎರಡೋ ಭಾಗವನ್ನು ಮನೆಯವರೇ ಹಾಕಬೇಕು ಅನ್ನುವುದು ಅಲ್ಲಿ ಸಾಮಾನ್ಯ. 'ಆ ಪಾಲು ನೀವು ಕೊಡೋದು ಬೇಡ, ಬಿಲ್ಲಿನಲ್ಲಿ ಸರಿದೂಗಿಸ್ತೀವಿ' ಅಂತ ಆಸೆ ತೋರಿಸುವುದು ಎಷ್ಟು ಹೆಚ್ಚಿತೆಂದರೆ, 2019ರಲ್ಲಿ ಟೆಕ್ಸಾಸ್ ರಾಜ್ಯ ಅದನ್ನು ತಡೆಯಲು ಕಾನೂನನ್ನೇ ಮಾಡಿತು. ನಮ್ಮ ಹುಡುಗಿ ಬಾಗಿಲಿಗೆ ಬಂದವರಿಗೆ 'ಮೊದಲು ಕಂಪನಿಯವರು ನೋಡಲಿ' ಅಂತ ಹೇಳಿ ಕಳಿಸಿದಳು. ಇಲ್ಲಿಯೂ ಹೇಳಬೇಕಾದ ಉತ್ತರ ಅದೇ. ಸುಳ್ಳು ಬಿಲ್ಲು ಸಿಕ್ಕಿಬಿದ್ದರೆ ನಿಜವಾಗಿ ಒಡೆದ ಎಂಬತ್ತು ಹೆಂಚಿನ ದುಡ್ಡೂ ಹೋಗುತ್ತೆ.

ಇಲ್ಲ ಅಂದರೆ?

ಕಂಪನಿ ಇಲ್ಲ ಅಂದರೆ ಅಥವಾ ತೀರಾ ಕಡಿಮೆ ಕೊಟ್ಟರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲ ಮೆಟ್ಟಿಲು ಆ ಕಂಪನಿಯದೇ ದೂರು ಅಧಿಕಾರಿ. ಪ್ರಾಧಿಕಾರದ 155255 ನಂಬರಿಗೆ ಫೋನ್ ಮಾಡಿಯೂ, 'ಬಿಮಾ ಭರೋಸಾ' ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಒಂದು ತಿಂಗಳಾದರೂ ಕಂಪನಿಯಿಂದ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ಕಚೇರಿ ಇದೆ. ಫೀಸಿಲ್ಲ, ವಕೀಲರು ಬೇಕಿಲ್ಲ, ಅಲ್ಲಿ ವಕೀಲರಿಗೆ ಅವಕಾಶವೇ ಇಲ್ಲ. 2023ರ ತಿದ್ದುಪಡಿಯ ನಂತರ 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಕಂಪನಿ ತಿರಸ್ಕರಿಸಿ ಒಂದು ವರ್ಷದೊಳಗೆ ಹೋಗಬೇಕು. ನಮ್ಮಂಥವರು ಮನೆಯಿಂದ ಒಂದು ಫೈಲ್ ಹಿಡಿದು ಹೋಗಿ ನಾವೇ ಮಾತಾಡಬಹುದಾದ ಜಾಗ ಇದು. ಕೋರ್ಟು ಅಂತ ಹೆದರುವವರು ಒಮ್ಮೆ ಇದನ್ನು ಪ್ರಯತ್ನಿಸಿ ಅಂತ ನಾನಂತೂ ಹೇಳುತ್ತೇನೆ.

ವಿಮೆಯೇ ಇಲ್ಲದವರಿಗೆ ಸರ್ಕಾರದ ನೆರವು ಇದೆ, ಆಲಿಕಲ್ಲು ಮಳೆ ವಿಪತ್ತು ಪರಿಹಾರದ ಪಟ್ಟಿಯಲ್ಲಿದೆ. ಆದರೆ ನಿರೀಕ್ಷೆ ಸ್ವಲ್ಪ ಇಟ್ಟುಕೊಳ್ಳಿ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿ ಮಾಡಿದ ಲೆಕ್ಕದಲ್ಲಿ ಪಕ್ಕಾ ಮನೆಗೆ ಶೇಕಡಾ 15ಕ್ಕಿಂತ ಕಡಿಮೆ ಹಾನಿಯಾದರೆ ಏನೂ ಇಲ್ಲ. ಅದಕ್ಕೆ ಮೇಲ್ಪಟ್ಟು ಭಾಗಶಃ ಹಾನಿಯಾದರೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಮನೆ ಪೂರ್ತಿ ಬಿದ್ದರೆ ಬಯಲುಸೀಮೆಯಲ್ಲಿ 1,20,000 ರೂಪಾಯಿ. ಅರ್ಜಿ ತಹಶೀಲ್ದಾರ್ ಕಚೇರಿಗೆ. ಊರಲ್ಲಿರುವ ಅಪ್ಪ ಅಮ್ಮನ ಮನೆಗೆ ಏನಾದರೂ ಆದರೆ ಗ್ರಾಮ ಆಡಳಿತಾಧಿಕಾರಿಗೆ ಅಂದೇ ತಿಳಿಸಲು ಹೇಳಿ. ಅವರು ಬಂದು ನೋಡಿ ಬರೆದುಕೊಂಡ ಮೇಲೆಯೇ ಹೆಂಚು ಬದಲಿಸಲಿ.

ಅಪಾರ್ಟ್‌ಮೆಂಟಿನವರು ಇಷ್ಟೆಲ್ಲ ಓದಿ 'ನಮಗೆ ಮೇಲಿನ ಮನೆಯವರೇ ಸೂರು' ಅಂತ ನಗುತ್ತಿರಬಹುದು. ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಇಡೀ ಕಟ್ಟಡಕ್ಕೆ ವಿಮೆ ಇದೆಯಾ, ತಾರಸಿಯ ಮೇಲಿನ ಸೋಲಾರ್ ಅದರಲ್ಲಿ ಸೇರಿದೆಯಾ? ಎಷ್ಟು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ ನೋಡಿ.

ಕೊನೆಗೊಂದು ಸಣ್ಣ ಕೆಲಸ. ಹಪ್ಪಳ ಸಂಡಿಗೆ ಹಾಕಲು ಫೆಬ್ರವರಿ, ಮಾರ್ಚ್‌ನಲ್ಲಿ ಹೇಗೂ ತಾರಸಿಗೆ ಹೋಗೇ ಹೋಗುತ್ತೀರಿ. ಅದೇ ದಿನ ಮಾಡು, ಶೀಟು, ಸೋಲಾರ್, ಟ್ಯಾಂಕು ಎಲ್ಲದರ ಫೋಟೋ ತೆಗೆದು ನಿಮ್ಮ ಇ-ಮೇಲ್‌ಗೇ ಕಳಿಸಿಕೊಳ್ಳಿ. ಮಳೆಗೆ ಮೊದಲು ಅದು ಹೇಗಿತ್ತು ಅನ್ನುವುದಕ್ಕೆ ತಾರೀಕು ಸಮೇತ ದಾಖಲೆ ಸಿಗುತ್ತೆ. ಪಾಲಿಸಿ ನಂಬರ್, ಕಂಪನಿಯ ಫೋನ್ ನಂಬರ್ ಎರಡನ್ನೂ ಚೀಟಿಯಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ, ಗ್ಯಾಸ್ ಬುಕ್ಕಿಂಗ್ ನಂಬರಿನ ಪಕ್ಕದಲ್ಲೇ.